ಮರುಯಾತ್ರೆಯ ಸಂಕಲ್ಪ

ಸಮುದ್ರವೆಂಬುದು ನಮ್ಮ ಅಂಕಲಗಿಯವರು ಕೇಳಿ ತಿಳಿದ ವಸ್ತುವೇ ಹೊರತು ಕಂಡು ಬಲ್ಲ ವಸ್ತುವಲ್ಲ. ಬೆಳಗಾವಿಯಿಂದ ಗೋಕಾವಿಗೆ ಹೋಗುವ ಹಾದಿಯಲ್ಲಿ, ಅಡವಿಸಿದ್ಧೇಶ್ವರ ಮಠದ ನೆರಳಿನಲ್ಲಿ ಬಾಳುವ ಈ ಊರಿನವರಿಗೆ ದೊಡ್ಡ ನೀರೆಂದರೆ ಮಳೆಗಾಲದ ಮಾರ್ಕಂಡೇಯ ನದಿ, ಕೆಂಪಗೆ ತುಂಬಿ ಧುಮುಕುವ ಗೋಕಾವಿಯ ಜಲಪಾತ, ಬಹಳವಾದರೆ ಹುಕ್ಕೇರಿ ಸೀಮೆಯ ಹಿಡಕಲ್ ಜಲಾಶಯ; ಆ ನೀರಾದರೂ ಸಮೀಪದ ಪಡುಗಡಲಿಗೆ ಬೆನ್ನು ತಿರುಗಿಸಿ, ಘಟಪ್ರಭೆಯೊಡನೆ ಮೂಡಲ ಮುಖವಾಗಿ ಹರಿದು, ಕೃಷ್ಣೆಯನ್ನು ಕೂಡಿ, ದೂರದ ಬಂಗಾಳ ಉಪಸಾಗರವನ್ನು ಸೇರತಕ್ಕದ್ದು. ಇಂಥ ಊರಿನ ನಮ್ಮ ಪಡಸಾಲೆಯಲ್ಲಿ, ತಾಟಿನಲ್ಲಿ ಇಟ್ಟ ಕರದಂಟನ್ನು ಚೂರು ಚೂರಾಗಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ, ಪರದೇಶದಲ್ಲಿ ನೌಕರಿ ಮಾಡುವ ನನ್ನ ಸೋದರಳಿಯನು ತಾನು ಹೆಂಡತಿಯೊಡನೆ ಮಾಡಿಬಂದ ಸಮುದ್ರವಿಹಾರದ ಕಥೆಯನ್ನು ಒಂದು ಸಂಜೆ ಹೇಳಿದನು.

ಹತ್ತಾರು ಅಂತಸ್ತುಗಳ ಹಡಗು, ಅದರ ನೆತ್ತಿಯ ಮೇಲೊಂದು ಈಜುಕೊಳ, ಹಗಲಿರುಳೂ ಮುಗಿಯದ ಊಟ, ದಿನಕ್ಕೊಂದು ಬಂದರು: ಇವುಗಳನ್ನೆಲ್ಲ ನಾನು ಆಶ್ಚರ್ಯದಿಂದ ಕೇಳಿದೆನಾದರೂ ಮನಸ್ಸಿನಲ್ಲಿ ನೆಟ್ಟುನಿಂತದ್ದು ಕೊನೆಯ ರಾತ್ರಿಯ ಸಂಗತಿ. ಮರುದಿನ ಬೆಳಿಗ್ಗೆ ಇಳಿಯಬೇಕಾದವರು ತಮ್ಮ ಪೆಟ್ಟಿಗೆಗಳನ್ನು ಕಟ್ಟಿ, ಚೀಟಿ ಹಚ್ಚಿ, ಕೋಣೆಯ ಬಾಗಿಲ ಹೊರಗೆ ಇಟ್ಟಿರಬೇಕಂತೆ. ಹಾಗೆ ಇಟ್ಟ ಪೆಟ್ಟಿಗೆಗಳ ಸಾಲಿನ ನಡುವೆ ಹಾದುಬಂದು ಜನರು ಒಂದು ಮೇಜಿನ ಮುಂದೆ ಸರದಿ ಹಚ್ಚಿ ನಿಂತಿದ್ದರು. ಮುಂದಿನ ವಿಹಾರಕ್ಕೆ ಈಗಲೇ ಹಣ ಕಟ್ಟುವುದಕ್ಕಾಗಿ.

“ಮಾಮಾ, ಹಡಗಿನ್ಯಾಗ ಇದ್ದಾಗನ ಬುಕ್ ಮಾಡಿದ್ರ ಸೋವಿ ಬೀಳತೈತಿ,” ಎಂದನು ಅಳಿಯ. “ನಾವೂ ಮಾಡಿ ಬಂದ್ವಿ.”

“ಎಲ್ಲಿಗೆ ಹೋಗಾವ್ರು?”

“ಅದನ್ನ ಇನ್ನೂ ಗೊತ್ತ ಮಾಡಿಲ್ಲ. ಮುಂಗಡ ಅಷ್ಟ ಕಟ್ಟೇವಿ.”

ಎಲ್ಲಿಗೆ ಎಂಬುದು ಗೊತ್ತಿಲ್ಲ, ಎಂದು ಎಂಬುದು ಗೊತ್ತಿಲ್ಲ. ಹೋಗುವುದು ಮಾತ್ರ ಗೊತ್ತು. ಈ ಮೂರು ಮಾತುಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಒಂದು ಯಾತ್ರೆಯ ಒಡಲಲ್ಲಿ ಇರುವಾಗಲೇ ಮತ್ತೊಂದು ಯಾತ್ರೆಯನ್ನು ಕಾದಿರಿಸುವ ಮನುಷ್ಯನು ಏನನ್ನು ಹಿಡಿಯಹೊರಟಿದ್ದಾನೆ, ಮತ್ತು ಹಾಗೆ ಹಿಡಿಯುವುದು ಬಂಧನವೋ ಧರ್ಮವೋ ಎಂಬುದೇ ಇಲ್ಲಿಯ ವಿಚಾರ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಗೂಢವೇನೂ ಇಲ್ಲ. ಹೊಟ್ಟೆ ತುಂಬಿ, ಮೈ ಹಗುರಾಗಿ, ಗಾಳಿಯೇ ಉಪ್ಪಿನ ರುಚಿಯಾಗಿರುವ ಗಳಿಗೆಯಲ್ಲಿ ಮನುಷ್ಯನ ಕೈ ಸಡಿಲವಾಗಿರುವುದೆಂದು ಹಡಗಿನವರು ಬಲ್ಲರು. ಅವನು ಮನೆಗೆ ಮರಳಿ ಕರೆಂಟು ಬಿಲ್ಲನ್ನೂ ಮಕ್ಕಳ ಫೀಯನ್ನೂ ಎದುರಿಟ್ಟುಕೊಂಡ ಮೇಲೆ ಆ ಸಡಿಲಿಕೆ ಉಳಿಯದೆಂದೂ ಬಲ್ಲರು. ಆದುದರಿಂದ ಸ್ವಲ್ಪ ರಿಯಾಯಿತಿಯನ್ನೋ, ಹಡಗಿನಲ್ಲೇ ಖರ್ಚು ಮಾಡತಕ್ಕ ಸ್ವಲ್ಪ ಹಣವನ್ನೋ ಮುಂದೊಡ್ಡಿ, ಸಂತೋಷವು ಆರುವ ಮೊದಲೇ ಅದಕ್ಕೊಂದು ಮೊಹರು ಒತ್ತಿಸಿಕೊಳ್ಳುವರು. ಈ ಜಾಣತನಕ್ಕೆ ವಿಹಾರನೌಕೆಯ ಹುಟ್ಟಿನಲ್ಲೇ ಬೀಜವಿದೆ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವವರು ವಿರಳವಾಗಿ ಹಡಗುಗಳು ಬರಿದಾಗಿ ನಿಲ್ಲುತ್ತಿದ್ದುದನ್ನು ಕಂಡ ಹಾಂಬುರ್ಗ್-ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್ ಎಂಬಾತನು, 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಕೇವಲ ಸುಖಪ್ರವಾಸಕ್ಕಾಗಿ ಮೆಡಿಟರೇನಿಯನ್ ಸಮುದ್ರಕ್ಕೆ ಹೊರಡಿಸಿದನು; 1900ರಲ್ಲಿ ವಿಹಾರಕ್ಕೆಂದೇ ಕಟ್ಟಿದ ‘ಪ್ರಿಂಜೆಸಿನ್ ವಿಕ್ಟೋರಿಯಾ ಲೂಯಿಸ್’ ನೀರಿಗಿಳಿಯಿತು. ಅಲ್ಲಿಯವರೆಗೆ ಹಡಗಿಗೆ ಗುರಿಯಿತ್ತು. ಜನರು ಒಂದು ದಡವನ್ನು ಬಿಟ್ಟು ಇನ್ನೊಂದು ದಡವನ್ನು ಸೇರುತ್ತಿದ್ದರು, ಸೇರಿದ ಮೇಲೆ ಹಡಗಿನ ಹಂಗು ತೀರುತ್ತಿತ್ತು. ಇನ್ನು ಮೇಲೆ ಹಡಗಿಗೆ ಗುರಿ ಹೋಗಿ ಸುತ್ತು ಬಂದಿತು. ಹೊರಟ ಬಂದರಿಗೇ ಮರಳುವ ಪಯಣಕ್ಕೆ ಮುಟ್ಟಿದೆನೆಂಬ ಮುಕ್ತಾಯವೇ ಇಲ್ಲವಾದುದರಿಂದ, ‘ಮತ್ತೊಮ್ಮೆ’ ಎಂಬ ಮಾತು ಅದರ ಸ್ವಭಾವದಲ್ಲೇ ಅಡಗಿತು.

ಸುತ್ತುವುದು ನಮಗೆ ಹೊಸದಲ್ಲ. ನಮ್ಮ ಸೀಮೆಯ ತೇರುಗಳು ಪಾದಗಟ್ಟೆಯನ್ನು ಮುಟ್ಟಿ ಮೂಲಸ್ಥಾನಕ್ಕೇ ಮರಳುತ್ತವೆ. ಪ್ರದಕ್ಷಿಣೆ ಹಾಕುವವನು ಎಲ್ಲಿಗೂ ಹೋಗುವುದಿಲ್ಲ. ಹಾಗಾದರೆ ಸುತ್ತಿಗೂ ಸುತ್ತಿಗೂ ಭೇದವೆಲ್ಲಿ?

ಶಾಸ್ತ್ರವನ್ನು ಕೇಳಿದರೆ ಮೊದಲು ಬರುವ ಉತ್ತರ ಕಠಿನವಾದುದು. ಪತಂಜಲಿ ಮಹರ್ಷಿಯು ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶಗಳೆಂದು ಐದು ಕ್ಲೇಶಗಳನ್ನು ಎಣಿಸುವಾಗ, ರಾಗವನ್ನು ಸುಖಾನುಭವದ ಬೆನ್ನುಹತ್ತಿ ಬರುವ ವಿಕಾರವೆಂದು ಗುರುತಿಸಿದ್ದಾನೆ. ಉಂಡ ಸುಖದ ನೆನಪು ಮತ್ತೆ ಉಣ್ಣುವ ಹಂಬಲವಾಗಿ ಹೊರಳುವುದು ಸರ್ವರಿಗೂ ಅನುಭವವಿದ್ದದ್ದೇ. ಆದರೆ ಹಡಗಿನ ಮೇಜಿನ ಮುಂದೆ ನಡೆಯುವುದು ಇನ್ನೂ ಸೋಜಿಗದ್ದು: ಅಲ್ಲಿ ರಾಗವು ಸುಖದ ಹಿಂದೆ ನಡೆಯದೆ ಸುಖವನ್ನು ಹಿಂದಿಕ್ಕಿ ಮುಂದೆ ಓಡಿದೆ. ಕಡಲು ಕಿಟಕಿಯ ಹೊರಗೇ ಇದೆ. ಕೊನೆಯ ರಾತ್ರಿಯ ನಕ್ಷತ್ರಗಳು ಇನ್ನೂ ಮುಳುಗಿಲ್ಲ. ಆದರೆ ಸರದಿಯಲ್ಲಿ ನಿಂತವನ ಕಣ್ಣು ಮುಂದಿನ ಕಡಲಿನ ಬಣ್ಣದ ಚಿತ್ರದ ಮೇಲಿದೆ. ಕಠೋಪನಿಷತ್ತಿನ ಯಮನು ನಚಿಕೇತನ ಮುಂದೆ ರಥಗಳನ್ನೂ ಗೀತವಾದ್ಯಗಳನ್ನೂ ಬೇಕಾದಷ್ಟು ಆಯುಷ್ಯವನ್ನೂ ಸುರಿದಾಗ, ಆ ಬಾಲಕನು ಅವು ನಾಳೆಯವರೆಗೆ ನಿಲ್ಲುವ ಭರವಸೆಯಿಲ್ಲವೆಂದೂ ಇಂದ್ರಿಯಗಳ ತೇಜಸ್ಸನ್ನು ಸವೆಸುವವೆಂದೂ ಅರಿತು ಹಿಂದಕ್ಕೆ ತಳ್ಳಿದನು. ಮೇಲೆ ಹೇಳಿದ, ವಿಹಾರಕ್ಕೆಂದೇ ಕಟ್ಟಿದ ಆ ಮೊದಲ ಹಡಗು 1906ರ ಡಿಸೆಂಬರಿನಲ್ಲಿ ಜಮೈಕಾದ ದಡದಲ್ಲಿ ನೆಲ ಹತ್ತಿ ಒಡೆಯಿತೆಂಬುದನ್ನು ನೆನೆದರೆ, ನಚಿಕೇತನ ಸಂಶಯಕ್ಕೆ ಚರಿತ್ರೆಯೂ ಸಾಕ್ಷಿ ನುಡಿದಂತಾಗುವುದು.

ಇದನ್ನೆಲ್ಲ ಅಳಿಯನಿಗೆ ಉಪದೇಶಿಸಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಎದ್ದು, ಚಪ್ಪಲಿ ಮೆಟ್ಟಿ, “ಬರತೇನಿ ಮಾಮಾ” ಎಂದನು. ಹೋಗುತ್ತಿರುವವನು ‘ಬರುತ್ತೇನೆ’ ಎನ್ನುತ್ತಾನೆ! ನಮ್ಮಲ್ಲಿ ಯಾರೂ ಹೊಸ್ತಿಲ ಮೇಲೆ ನಿಂತು ‘ಹೋಗುತ್ತೇನೆ’ ಎನ್ನುವುದಿಲ್ಲ. ಅಂದರೆ ಹಿರಿಯರು ಗದರಿಸಿ ತಿದ್ದುವರು. ಒಂದು ಭೇಟಿ ಮುಗಿಯುವ ಮೊದಲೇ ಮುಂದಿನ ಭೇಟಿಯನ್ನು ಗೊತ್ತುಮಾಡದೆ ಬೀಳ್ಕೊಳ್ಳಲಾರದ ಜನ ನಾವು. ಹೀಗಿರುವಾಗ ಹಡಗಿನ ಸರದಿಯಲ್ಲಿ ನಿಂತವರನ್ನು ನಾನು ಯಾವ ಬಾಯಿಂದ ಹಳಿಯಲಿ? ಆ ಮಾತಿನ ಎಳೆ ಹಿಡಿದು ನನಗೆ ನಮ್ಮ ಆಯಿಯ ನೆನಪಾಯಿತು. ತಂದೆಯ ತಾಯಿಯನ್ನು ನಾವು ಹಾಗೆಂದೇ ಕರೆಯುತ್ತಿದ್ದೆವು.

ಭಾರತ ಹುಣ್ಣಿಮೆಗೆ ಆಯಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗದ ವರ್ಷವಿರಲಿಲ್ಲ. ಹೊಸ್ತಿಲ ಹುಣ್ಣಿಮೆಯಂದು ಮುತ್ತೈದೆತನವನ್ನು ಕಳೆದುಕೊಂಡ ದೇವಿಯು ಮಾಘದ ಈ ಹುಣ್ಣಿಮೆಗೆ ಅದನ್ನು ಮರಳಿ ಪಡೆಯುವಳೆಂಬ ನಂಬಿಗೆಯಿಂದ, ಆ ದಿನಕ್ಕೆ ಹಸಿರು ಬಳೆಯ ಸಡಗರ ಬೇರೆ. ಚಕ್ಕಡಿಯಲ್ಲಿ ಎತ್ತುಗಳ ಗೆಜ್ಜೆಯ ಸಪ್ಪಳ ಕೇಳುತ್ತ ಮಲಗಿ ಎದ್ದು, ಜೋಗಳಬಾವಿಯಲ್ಲಿ ನೀರು ಹೊಯ್ದುಕೊಂಡು, ಭಂಡಾರದಲ್ಲಿ ಹಣೆ ಹಳದಿಯಾಗಿ, ಉಧೋ ಉಧೋ ಎಂಬ ಘೋಷದ ನಡುವೆ ಗುಡ್ಡ ಹತ್ತಿ, ರೊಟ್ಟಿ ಕಡುಬುಗಳಿಂದ ಪರಡಿ ತುಂಬಿಸಿದ ಮೇಲೆ ಇಳಿಯುವ ಹೊತ್ತು ಬರುವುದು. ಇಳಿಯುವ ದಾರಿ ಹೊರಳುವೆಡೆಯಲ್ಲಿ, ಇನ್ನೊಂದು ಹೆಜ್ಜೆ ಇಟ್ಟರೆ ಶಿಖರ ಮರೆಯಾಗುವುದೆಂಬಲ್ಲಿ, ಆಯಿ ನಿಲ್ಲುವಳು. ಚಿಟಿಕೆ ಭಂಡಾರದೊಡನೆ ಸವಾ ರೂಪಾಯಿಯನ್ನು ಸೆರಗಿನ ತುದಿಗಿಟ್ಟು, ಬೆರಳಿನಿಂದ ಎರಡು ಸುತ್ತು ತಿರುವಿ ಗಂಟು ಹಾಕಿ, ಆ ಗಂಟನ್ನು ಕಣ್ಣಿಗೊತ್ತಿಕೊಂಡು, “ಮುಂದಿನ ವರ್ಷ ಮತ್ತ ಕರಿಸಿಕೋಳವ್ವಾ” ಎನ್ನುವಳು. ಮನೆಗೆ ಬಂದ ಮೇಲೆ ಆ ಹಣವು ದೇವರ ಜಗಲಿಯ ಡಬ್ಬಿಯಲ್ಲಿ ಮೀಸಲಾಗಿ ಕೂಡುವುದು. ಎಂಥ ಅಡಚಣೆಯಲ್ಲೂ ಅದಕ್ಕೆ ಕೈ ಹಚ್ಚುವಂತಿಲ್ಲ.

ಅದೂ ಮುಂಗಡವೇ. ಯಾತ್ರೆಯ ನೆಲದ ಮೇಲೆ ನಿಂತೇ ಮರುಯಾತ್ರೆಗೆ ತೆಗೆದಿಟ್ಟ ಹಣವೇ. ಆದರೆ ಆಯಿ ‘ಬರುತ್ತೇನೆ’ ಎನ್ನಲಿಲ್ಲ, ‘ಕರೆಸಿಕೊ’ ಎಂದಳು. ಅಳಿಯನು ಕಟ್ಟಿದ ಮುಂಗಡದಿಂದ ನಾಳೆಯ ಮೇಲೆ ಅವನಿಗೊಂದು ಹಕ್ಕು ಹುಟ್ಟಿತು; ಆಯಿ ಕಟ್ಟಿದ ಗಂಟಿನಿಂದ ಆಯಿಯ ಮೇಲೆ ನಾಳೆಗೊಂದು ಹಕ್ಕು ಹುಟ್ಟಿತು. ಪಂಢರಪುರದ ವಾರಕರಿಗಳಲ್ಲಿ ತುಳಸಿಮಾಲೆ ಧರಿಸಿದವನು ಆಷಾಢಕ್ಕೋ ಕಾರ್ತಿಕಕ್ಕೋ ತಪ್ಪದೆ ನಡೆಯುವುದೂ, ಯುಗಾದಿಯ ಹೊತ್ತಿಗೆ ನಮ್ಮ ಕಡೆಯ ಭಕ್ತರು ಹೆಗಲ ಮೇಲೆ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನಲ್ಲಿಗೆ ಬಿಸಿಲಲ್ಲಿ ಸಾಗುವುದೂ ಇದೇ ಜಾತಿಯವು. ಈ ಸಲ ಸುಖವಾಯಿತೆಂದು ಅವರು ಮುಂದಿನ ಸಲ ಹೊರಡುವುದಿಲ್ಲ. ಕಾಲು ಬೊಕ್ಕೆಯೆದ್ದರೂ ಹೊರಡುವರು. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ವಿಭಾಗಿಸಿದರಷ್ಟೆ. ಫಲಾಪೇಕ್ಷೆಯಿಂದ ಮಾಡುವುದು ಕಾಮ್ಯ, ಸರದಿ ಬಂದಿತೆಂದು ಮಾಡುವುದು ನಿತ್ಯ. ವಾರಕರಿಗಳ ನಡಿಗೆಯು ನಿತ್ಯದ ಕಡೆಗೆ ವಾಲಿದರೆ ವಿಹಾರವು ಕಾಮ್ಯದ ಕಡೆಗೆ ವಾಲುವುದು.

ಆದರೆ ಇಷ್ಟಕ್ಕೇ ತೀರ್ಪು ಕೊಟ್ಟು ಕುಳಿತರೆ ಅನ್ಯಾಯವಾದೀತು. ಹರಕೆಯೂ ಎಷ್ಟೋ ಸಲ ವ್ಯಾಪಾರವೇ. ಮಗ ಹುಟ್ಟಿದರೆ ತೊಟ್ಟಿಲು, ಕೋರ್ಟಿನಲ್ಲಿ ಗೆದ್ದರೆ ಬೆಳ್ಳಿಯ ಕಣ್ಣು ಎಂದು ದೇವರೊಡನೆ ಚೌಕಾಸಿ ಮಾಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದಕ್ಕಿಂತ ಘೋರವಾದ ಮಾತೊಂದುಂಟು. ಇದೇ ಗುಡ್ಡದ ತಾಯಿಯ ಹೆಸರಿನಲ್ಲಿ, ಹೆತ್ತವರು ಹೊತ್ತ ಹರಕೆಗಾಗಿ, ಏನೊಂದೂ ಅರಿಯದ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ಅವರ ಇಡೀ ಬಾಳನ್ನೇ ಒತ್ತೆಯಿಟ್ಟ ಪದ್ಧತಿಯು ತಲೆಮಾರುಗಳ ಕಾಲ ನಡೆಯಿತು; ಅದನ್ನು ನಿಲ್ಲಿಸಲು 1982ರಲ್ಲಿ ಕರ್ನಾಟಕದ ಶಾಸನಸಭೆಯು ದೇವದಾಸಿ ಸಮರ್ಪಣೆಯ ನಿಷೇಧಕ್ಕಾಗಿ ಕಾನೂನನ್ನೇ ಮಾಡಬೇಕಾಯಿತು. ಹಡಗಿನಲ್ಲಿ ಮುಂಗಡ ಕಟ್ಟಿದವನು ಹೆಚ್ಚೆಂದರೆ ತನ್ನ ಹಣವನ್ನು ಕಳೆದುಕೊಂಡಾನು; ಪರರ ನಾಳೆಯನ್ನು ತನ್ನ ಹರಕೆಗೆ ಕಟ್ಟಿದವನ ಪಾಪಕ್ಕೆ ಯಾವ ಭಕ್ತಿಯೂ ಮರೆಯಾಗಲಾರದು. ಆದುದರಿಂದ ದೇವರ ಹೆಸರಿದ್ದ ಮಾತ್ರಕ್ಕೆ ಮುಂಗಡವು ಪವಿತ್ರವಲ್ಲ, ಸುಖದ ಹೆಸರಿದ್ದ ಮಾತ್ರಕ್ಕೆ ಹೇಯವೂ ಅಲ್ಲ. ಒರೆಗಲ್ಲು ಬೇರೆಯೇ ಇದೆ.

ಆ ಒರೆಗಲ್ಲು ನಮ್ಮ ಸಂಕಲ್ಪವಿಧಿಯಲ್ಲಿ ದೊರೆಯುವುದೆಂದು ನನ್ನ ಭಾವನೆ. ಯಾವ ಕರ್ಮಕ್ಕೆ ತೊಡಗುವಾಗಲೂ ಕರ್ತನು ಮೊದಲು ತಾನೇನು ಮಾಡುವೆನೆಂದು ಹೇಳುವುದಿಲ್ಲ. ತಾನು ನಿಂತ ದ್ವೀಪವನ್ನು, ವರ್ಷವನ್ನು, ನದಿಯ ಯಾವ ದಡದಲ್ಲಿರುವೆನೆಂಬುದನ್ನು, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಒಂದೊಂದಾಗಿ ಉಚ್ಚರಿಸಿ, ಅನಂತರ ತನ್ನ ಹೆಸರು ಗೋತ್ರಗಳನ್ನು ನುಡಿದು, ಎಲ್ಲದರ ಕೊನೆಗೆ ‘ಕರಿಷ್ಯೇ’ ಎಂಬ ಭವಿಷ್ಯದ ಕ್ರಿಯಾಪದವನ್ನು ಇಡುತ್ತಾನೆ. ಬಾಲ್ಯದಲ್ಲಿ ನನಗೆ ಇದು ವೃಥಾ ವಿಸ್ತಾರವೆಂದು ತೋರುತ್ತಿತ್ತು. ಅದರಲ್ಲಿರುವ ವಿವೇಕ ಈಗ ಕಾಣುತ್ತಿದೆ. ಎಲ್ಲಿ ನಿಂತಿದ್ದೇನೆಂಬುದನ್ನು ಸಂಪೂರ್ಣವಾಗಿ ಬಲ್ಲವನಿಗೆ ಮಾತ್ರ ಮುಂದಿನದನ್ನು ನುಡಿಯುವ ಅಧಿಕಾರ. ಹಡಗಿನ ಮೇಜಿನ ಮೇಲಿನ ಅರ್ಜಿಯು ಇದಕ್ಕೆ ತಿರುಗುಮುರುಗು. ನೀನು ಎಲ್ಲಿರಬಯಸುವೆ ಎಂದು ಕೇಳುವುದೇ ಹೊರತು ಈಗ ಎಲ್ಲಿರುವೆ ಎಂದು ಅದು ಕೇಳುವುದಿಲ್ಲ. ಆಯಿಯು ಗಂಟು ಹಾಕುವ ಮೊದಲು ಶಿಖರದ ಕಡೆಗೆ ತಿರುಗಿ ನಿಂತಳು. ಆ ನಿಲುವೇ ಅವಳ ದೇಶಕಾಲೋಚ್ಚಾರಣೆ. ಹಡಗಿನವನೂ ಸರದಿಗೆ ಹೋಗುವ ಮೊದಲು ಕಟಾಂಜನಕ್ಕೆ ಆತು, ಕಪ್ಪು ನೀರನ್ನು ಕಣ್ತುಂಬ ನೋಡಿ, ‘ಇಲ್ಲಿದ್ದೇನೆ’ ಎಂದುಕೊಂಡಿದ್ದರೆ, ಅವನ ಮುಂಗಡಕ್ಕೂ ಸಂಕಲ್ಪದ ಅಂಶ ಬಂದೀತು. ನೋಡಿದ್ದವನು ಆ ಸರದಿಯಲ್ಲಿ ಒಬ್ಬನೂ ಇರಲಿಲ್ಲವೆಂದು ಹೇಳಲು ನಾನಾರು?

ಕೊನೆಗೊಂದು ಮಾತು. ಒಂದು ಶ್ರಾವಣದಲ್ಲಿ ಆಯಿ ತೀರಿಕೊಂಡಳು. ಜಗಲಿಯ ಡಬ್ಬಿಯಲ್ಲಿ ಭಂಡಾರ ಹತ್ತಿದ ಸವಾ ರೂಪಾಯಿ ಹಾಗೆಯೇ ಇತ್ತು. ಅದನ್ನು ಮುಟ್ಟಿಸಬೇಕೆಂದು ಆಯಿ ಯಾರಿಗೂ ಹೇಳಿರಲಿಲ್ಲ, ನಮ್ಮ ತಂದೆಯೂ ಹೇಳಲಿಲ್ಲ. ಭಾರತ ಹುಣ್ಣಿಮೆ ಸಮೀಪಿಸಿದಾಗ ಅವ್ವ ತಾನಾಗಿಯೇ ಅದನ್ನು ತೆಗೆದು ಸೆರಗಿಗೆ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಹೊರಟಳು. ಗುಡ್ಡದಲ್ಲಿ ಆ ಹಣವನ್ನು ಹುಂಡಿಗೆ ಹಾಕಿ, ಇಳಿಯುವಾಗ ಅದೇ ತಿರುವಿನಲ್ಲಿ ನಿಂತು, ಬಹಳ ಹೊತ್ತು ಶಿಖರವನ್ನು ನೋಡಿದಳು. ಗಂಟು ಮಾತ್ರ ಹಾಕಲಿಲ್ಲ. ನಿನ್ನದೊಂದು ಗಂಟು ಬೇಡವೇ ಎಂದು ಕೇಳಿದೆ.

“ಆಯಿದು ಮುಟ್ಟಸೂದಿತ್ತು, ಮುಟ್ಟಿಸೀನಿ,” ಎಂದಳು ಅವ್ವ, ಸೆರಗು ಸರಿಪಡಿಸಿಕೊಳ್ಳುತ್ತ. “ನಂದು ಆಕಿ ನೋಡಕೋತಾಳ. ನಡಿ, ಬಿಸಲ ಏರಾಕತ್ತೇತಿ.”