ಕೇಳದೆ ಬಂದ ಉದ್ಯೋಗ

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿದ್ದಿತೆಂಬುದು ಸದ್ಭಕ್ತರಿಗೆ ವಿದಿತವೇ ಸರಿ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಧರ್ಮಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟೊಂದು ಎಲ್ಲಿಂದ ಬಂದಿತೆಂದು ವಿಚಾರಿಸಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಮಾಡಿದರು. ಆಶೆಯ ಖಂಡನೆಗಾಗಿ ಈ ಕಥೆಯನ್ನು ಹೇಳುವುದು ವಾಡಿಕೆ. ಅದರಲ್ಲಿ ಅಡಗಿರುವ ವಿಚಾರಬುದ್ಧಿಯನ್ನು ಗೃಹಸ್ಥರು ಅಷ್ಟಾಗಿ ಗಮನಿಸುವುದಿಲ್ಲ.

ಇಂದು ಅರ್ಜಿ ಹಾಕದ ಮಗನ ಮೊಬೈಲಿಗೆ ಮುಖ ಕಾಣದವನೊಬ್ಬನಿಂದ ಉದ್ಯೋಗದ ಕರೆ ಬರುತ್ತದೆ. ಥಾಯ್ಲೆಂಡಿನಲ್ಲಿ ಗಣಕಯಂತ್ರದ ಕೆಲಸ, ಕೈತುಂಬ ಸಂಬಳ! ಇಂಥ ಕರೆಗಳ ಕುರಿತು ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಸಿತ್ತು. ನಂಬಿ ಹೋದ ತರುಣರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಸೀಮೆಯಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚಿಯಲ್ಲಿ ಆ ಗಡಿಪ್ರದೇಶದ ವಂಚನಾಕೇಂದ್ರಗಳಿಂದ ಬಿಡುಗಡೆಗೊಂಡ 500ಕ್ಕೂ ಮಿಕ್ಕ ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅಲ್ಲಿ ಅವರಿಂದ ಮಾಡಿಸುತ್ತಿದ್ದ ಕೆಲಸವಾದರೂ ಏನು? ದೂರದ ಅಮಾಯಕರನ್ನು ಸವಿಮಾತಿನಿಂದ ಮರುಳುಗೊಳಿಸಿ ಅವರ ಹಣವನ್ನು ಕಸಿಯುವುದು. ಕಳೆದ ಹಣವನ್ನು ಮರಳಿ ದುಡಿಯಬಹುದು. ದುಡಿಯಲೆಂದು ಹೋದ ಮಗನ ಕೈಯಿಂದಲೇ ಪರರ ಅನ್ನಕ್ಕೆ ಕಲ್ಲು ಹಾಕಿಸಿದರೆ ಆ ಕೈಗೆ ಕಾಯಕವೆಂಬ ಮಾತೇ ಉಳಿಯುವುದೆ? ಬೆದರಿಕೆಯಿಂದ ಮಾಡಿದುದಕ್ಕೆ ಅವನನ್ನು ಹಳಿಯುವುದು ಸಲ್ಲದು. ಆದರೂ ಅವನ ಮನಸ್ಸಿಗಾದ ಗಾಯವನ್ನು ಯಾವ ಸಂಬಳವೂ ಮಾಯಿಸದು.

ಆದುದರಿಂದ ಲಕ್ಕಮ್ಮನವರ ಪ್ರಶ್ನೆಯನ್ನು ಮೊದಲೇ ಕೇಳತಕ್ಕುದು. ಹೊರದೇಶಕ್ಕೆ ಕಳುಹಿಸುವ ದಳ್ಳಾಳಿಯು 1983ರ ವಲಸೆ ಕಾಯಿದೆಯಂತೆ ನೋಂದಣಿ ಪಡೆದವನೆ ಎಂಬುದನ್ನು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. 2017ರ ತಿದ್ದುಪಡಿಯ ಪ್ರಕಾರ ಅವನ ಸೇವಾಶುಲ್ಕವು 30,000 ರೂಪಾಯಿ ಹಾಗೂ ಅದರ ಮೇಲಿನ ತೆರಿಗೆಯನ್ನು ಮೀರಲಾಗದು, ರಶೀದಿಯನ್ನೂ ಕೊಡಬೇಕು. ಪತ್ರದಲ್ಲಿ ಕಂಪನಿಯ ಹೆಸರಿದ್ದರೆ, ಆ ಪತ್ರದಲ್ಲಿರುವ ನಂಬರಿಗಲ್ಲ, ಕಂಪನಿಯ ವಿಳಾಸವನ್ನು ಬೇರೆ ದಾರಿಯಿಂದ ಹುಡುಕಿ ಅಲ್ಲಿಯೇ ವಿಚಾರಿಸತಕ್ಕುದು. ಪ್ರವಾಸಿ ವೀಸಾದಲ್ಲಿ ಹೊರಡು, ಉಳಿದುದನ್ನು ಅಲ್ಲಿ ಸರಿಪಡಿಸೋಣವೆನ್ನುವವನ ಸಂಗಡ ಮಾತು ಬೆಳೆಸುವುದೇ ವ್ಯರ್ಥ.

ಅಪರಿಚಿತನೆಂಬ ಮಾತ್ರಕ್ಕೆ ಯಾರನ್ನೂ ಕಳ್ಳನೆಂದು ಬಗೆಯುವುದು ಶರಣಮಾರ್ಗವಲ್ಲ. ನಿಜವಾದ ಕೆಲಸ ಕೊಡುವವನು ಎರಡು ದಿನ ಕಾಯುತ್ತಾನೆ, ಕೇಳಿದುದಕ್ಕೆ ಸಿಡುಕುವುದಿಲ್ಲ. ಮಾರಯ್ಯನವರೂ ಲಕ್ಕಮ್ಮನವರ ಮೇಲೆ ಸಿಡುಕಲಿಲ್ಲ. ಇನ್ನು ಹಣ ಕಟ್ಟಿ ಮೋಸಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿರದೆ ಕೂಡಲೇ 1930ಕ್ಕೆ ಕರೆಮಾಡಿ ದೂರು ಕೊಡಬೇಕು. ತಡವಾದಷ್ಟೂ ಹಣವು ಕೈಯಿಂದ ಕೈಗೆ ದಾಟಿಹೋಗುತ್ತದೆ.