ಇಚ್ಛಾಪರಿಮಾಣವೂ ಬಯಕೆಗಳ ಪಟ್ಟಿಯೂ

ದ್ವಾದಶಾನುಪ್ರೇಕ್ಷೆಗಳಲ್ಲಿ ಬೋಧಿದುರ್ಲಭ ಭಾವನೆಯನ್ನು ಚಿಂತಿಸುವ ಶ್ರಾವಕನಿಗೆ ಮನುಷ್ಯಜನ್ಮವು ಎಷ್ಟು ವಿರಳವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದೊರೆತ ಜನ್ಮವನ್ನು ಯಾವುದಕ್ಕೆ ಸಲ್ಲಿಸಬೇಕೆಂಬುದೇ ಪ್ರಶ್ನೆ. ಈ ಪ್ರಶ್ನೆಗೆ ಇತ್ತೀಚೆಗೆ ಹೊಸದೊಂದು ಉತ್ತರ ಬಳಕೆಗೆ ಬಂದಿದೆ. ಸಾಯುವ ಮೊದಲು ನೋಡಬೇಕಾದ ಸ್ಥಳಗಳು, ಪಡೆಯಬೇಕಾದ ಅನುಭವಗಳು, ಮುಟ್ಟಬೇಕಾದ ಪದವಿಗಳು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಮುಗಿದುದರ ಮೇಲೆ ಗೆರೆ ಎಳೆಯುತ್ತ ಹೋಗುವುದು. 2007ರಲ್ಲಿ ತೆರೆಕಂಡ ಅಮೆರಿಕದ ಚಲನಚಿತ್ರವೊಂದು ಇದಕ್ಕೆ ‘ಬಕೆಟ್ ಲಿಸ್ಟ್’ ಎಂಬ ಹೆಸರನ್ನು ಜಗತ್ತಿನಲ್ಲೆಲ್ಲ ಹರಡಿತು. ಆಳಂದ, ಅಫಜಲಪುರ, ಜೇವರ್ಗಿಗಳ ಮನೆಗಳಿಂದ ಪುಣೆ, ಬೆಂಗಳೂರುಗಳಿಗೆ ಉದ್ಯೋಗಕ್ಕೆ ಹೋದ ಮಕ್ಕಳೂ ಇಂಥ ಪಟ್ಟಿಯನ್ನು ಬರೆಯುತ್ತಾರೆ. ಹಿರಿಯರು ಅದನ್ನು ಕಂಡು ಸಿಡುಕುತ್ತಾರೆ. ಸಿಡುಕುವ ಕಾರಣವಿಲ್ಲ, ಪಟ್ಟಿ ಮಾಡುವುದು ಜೈನರಿಗೆ ಹೊಸತಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಗೃಹಸ್ಥನಿಗಾಗಿ ಒಂದು ಪಟ್ಟಿಯನ್ನೇ ಕೊಟ್ಟಿದ್ದಾರೆ. ಊಟ, ವಾಹನ, ಹಾಸಿಗೆ, ಸ್ನಾನ, ಲೇಪನ, ಹೂವು, ತಾಂಬೂಲ, ಬಟ್ಟೆ, ಒಡವೆ, ಕಾಮಸುಖ, ಸಂಗೀತ, ಗೀತ ಇವು ಅದರಲ್ಲಿ ಬರುತ್ತವೆ. ಅದಕ್ಕೆ ಹೊಂದಿಕೊಂಡು ಕಾಲದ ಅಳತೆಯೂ ಇದೆ: ಈ ದಿನ, ಈ ಹಗಲು, ಈ ರಾತ್ರಿ, ಪಕ್ಷ, ತಿಂಗಳು, ಋತು, ಅಯನ. ಯಾವ ವಸ್ತು, ಎಷ್ಟು ಕಾಲ ಬೇಡ ಎಂಬುದನ್ನು ಶ್ರಾವಕನು ತಾನೇ ನಿಶ್ಚಯಿಸಬೇಕು. ಕಾಲದ ಗಡಿಯಿಟ್ಟು ಬಿಟ್ಟರೆ ನಿಯಮ, ಜೀವನಪರ್ಯಂತ ಬಿಟ್ಟರೆ ಯಮ. ಪರಿಗ್ರಹ ಪರಿಮಾಣಕ್ಕೆ ಆ ಆಚಾರ್ಯರು ಹೇಳುವ ಇನ್ನೊಂದು ಹೆಸರು ಇಚ್ಛಾಪರಿಮಾಣ. ಅಳೆಯಬೇಕಾದುದು ಮನೆಯಲ್ಲಿರುವ ಸಾಮಾನನ್ನಷ್ಟೇ ಅಲ್ಲ, ಮನದಲ್ಲಿರುವ ಬೇಡಿಕೆಯನ್ನು ಕೂಡ ಎಂಬುದು ಆ ಹೆಸರಿನಲ್ಲಿಯೇ ಅಡಗಿದೆ.

ಮಕ್ಕಳ ಪಟ್ಟಿಯನ್ನು ಹಳಿಯುವ ಹಿರಿಯರಲ್ಲಿಯೂ ಪಟ್ಟಿಯೊಂದು ಇದ್ದೇ ಇರುತ್ತದೆ. ಅದು ಬರೆದದ್ದಲ್ಲವಾದುದರಿಂದ ಕಣ್ಣಿಗೆ ಬೀಳುವುದಿಲ್ಲ. ಅಡತಿ ಅಂಗಡಿಯ ಯಜಮಾನನೊಬ್ಬನನ್ನು ಎಣಿಸಿರಿ. ಸಮ್ಮೇದ ಶಿಖರಜಿಗೆ ಹೋಗಬೇಕೆಂಬುದು ಅವನ ಮೂವತ್ತು ವರ್ಷದ ಹಂಬಲ. ತೊಗರಿಯ ರಾಶಿಯಾಗಲಿ, ಹೋಗೋಣ. ಬಾಕಿ ವಸೂಲಾಗಲಿ, ಹೋಗೋಣ. ಮಗಳ ಮದುವೆ ಮುಗಿಯಲಿ, ಆ ಮೇಲೆ ಮನೆಯ ಮೇಲಂತಸ್ತು. ಹಣದ ಲೆಕ್ಕವನ್ನು ಕಿರ್ದಿಯಲ್ಲಿ ದಿನವೂ ತಪ್ಪದೆ ಬರೆಯುವ ಅದೇ ಕೈ ಈ ಒಂದು ಬಾಕಿಯನ್ನು ಎಲ್ಲಿಯೂ ಬರೆಯಲಿಲ್ಲ. ಇಪ್ಪತ್ತು ತೀರ್ಥಂಕರರು ಮುಕ್ತರಾದ ಆ ಪರ್ವತವನ್ನು ಹತ್ತಿ, ಟೊಂಕಗಳನ್ನು ವಂದಿಸಿ, ಕೆಳಗಿಳಿಯಲು ಸುಮಾರು 27 ಕಿಲೋಮೀಟರು ನಡೆಯಬೇಕು. ಅರವತ್ತೈದು ತುಂಬಿ ಮಂಡಿ ಸೋತಾಗ ಡೋಲಿಯವರನ್ನು ಕೇಳಬೇಕಾಗುತ್ತದೆ. ತರುಣರು ಕನಿಷ್ಠ ಬರೆಯುತ್ತಾರೆ. ಇಷ್ಟರ ಮಟ್ಟಿಗೆ ಅವರೇ ಮೇಲು.

ಹಾಗಾದರೆ ದೋಷವಿರುವುದೆಲ್ಲಿ? ನಮ್ಮ ಮನೆಗಳಲ್ಲಿ ತಾಯಂದಿರು ಹಿಡಿಯುವ ನೋಂಪಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಅನಂತನ ನೋಂಪಿಗೆ 14 ವರ್ಷ, ಷೋಡಶಕಾರಣಕ್ಕೆ 16 ವರ್ಷ. ತಿಥಿ ಗೊತ್ತು, ಉಪವಾಸವೋ ಏಕಭುಕ್ತವೋ ಗೊತ್ತು, ಕೊನೆಗೆ ಉದ್ಯಾಪನೆ. ಹಿಡಿಯುವ ದಿನವೇ ಮುಗಿಸುವ ದಿನವೂ ಕಾಣಿಸುತ್ತದೆ. ಬಯಕೆಯ ಪಟ್ಟಿಗೆ ಉದ್ಯಾಪನೆಯಿಲ್ಲ. ಸಮುದ್ರ ನೋಡಿದವನು ಹಿಮಾಲಯವನ್ನು ಸೇರಿಸುತ್ತಾನೆ, ಹಿಮಾಲಯ ನೋಡಿದವನು ವಿದೇಶವನ್ನು. ಗೆರೆ ಎಳೆದ ಸಾಲುಗಳಿಗಿಂತ ಹೊಸ ಸಾಲುಗಳೇ ಹೆಚ್ಚಾಗುತ್ತವೆ. ಎರಡನೆಯ ಭೇದ ಇದಕ್ಕಿಂತ ಮುಖ್ಯವಾದುದು. ನೋಂಪಿ ಹಿಡಿದವಳು ಮೊದಲು ತಾನೇನನ್ನೋ ಬಿಡುತ್ತಾಳೆ. ಪಟ್ಟಿ ಬರೆದವನು ಮೊದಲು ತನಗೇನು ಬರಬೇಕೆಂದು ಕೇಳುತ್ತಾನೆ.

ವ್ರತವೂ ಬೇಡಿಕೆಯ ಬೆಲೆಯಾಗಿ ಹೋಗಬಹುದೆಂಬ ಎಚ್ಚರಿಕೆಯನ್ನು ಇಲ್ಲಿ ಮರೆಯಲಾಗದು. ಮಾಯೆ, ಮಿಥ್ಯಾತ್ವ, ನಿದಾನವೆಂಬ ಮೂರು ಶಲ್ಯಗಳು ಇಲ್ಲದವನೇ ವ್ರತಿ ಎಂದು ತತ್ತ್ವಾರ್ಥಸೂತ್ರದ ಮತ. ನಿದಾನವೆಂದರೆ ತಪಸ್ಸಿಗೆ ಪ್ರತಿಯಾಗಿ ಇಂಥದೇ ಫಲ ಬೇಕೆಂದು ಗಂಟು ಹಾಕಿಕೊಳ್ಳುವುದು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಮಹಾವೀರ ಸ್ವಾಮಿಯ ಪೂರ್ವಭವವಾದ ವಿಶ್ವನಂದಿಯ ಕಥೆ ಬರುತ್ತದೆ. ಮುನಿಯಾಗಿ, ತಿಂಗಳ ಉಪವಾಸದಿಂದ ಬಡಕಲಾಗಿ, ಮಥುರೆಯಲ್ಲಿ ಆಹಾರಕ್ಕೆ ಬಂದಾಗ ಹಸುವೊಂದು ನೂಕಿ ಆತ ಬಿದ್ದನು. ಹಳೆಯ ವೈರಿ ವಿಶಾಖನಂದಿಯು ಮೇಲಿನಿಂದ ನೋಡಿ ನಕ್ಕನು. ಆ ಒಂದು ನಗೆಗೆ ಸೋತು ಮುನಿಯು ನಿದಾನ ಮಾಡಿದನು. ಸ್ವರ್ಗವೂ ಬಂತು, ಮುಂದೆ ತ್ರಿಪೃಷ್ಠ ನಾರಾಯಣನ ಅರ್ಧಚಕ್ರಿ ಪದವಿಯೂ ಬಂತು. ಅದರ ಹಿಂದೆಯೇ ಏಳನೆಯ ನರಕ. ಬಯಸಿದ್ದೆಲ್ಲವೂ ಕೈಗೂಡಿತೆಂಬುದೇ ಆ ಕಥೆಯ ಭಯಂಕರ ಭಾಗ.

ಆದರೆ ಏನನ್ನೂ ಬಯಸದೆ ಕಲ್ಲಿನಂತೆ ಇರಬೇಕೆಂದು ಆಗಮವು ಗೃಹಸ್ಥನಿಗೆ ಹೇಳುವುದಿಲ್ಲ. ಚಾವುಂಡರಾಯನ ತಾಯಿ ಕಾಳಲಾದೇವಿಗೆ ಪೌದನಪುರದ ಬಾಹುಬಲಿಯನ್ನು ಕಾಣುವ ಬಯಕೆಯಿತ್ತು; ಕಾಣುವ ತನಕ ಹಾಲನ್ನು ಬಿಟ್ಟಳೆಂದು ಪರಂಪರೆಯು ಹೇಳುತ್ತದೆ. ಹೊರಟ ಊರು ಸಿಗಲಿಲ್ಲ, ಬೆಳ್ಗೊಳದಲ್ಲಿ ಗೊಮ್ಮಟನು ನಿಂತನು. 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು. ಬಳಿಕ 1993, 2006, 2018ರಲ್ಲಿ. ಒಬ್ಬ ತಾಯಿಯ ಒಂದು ಸಾಲಿನ ಪಟ್ಟಿ ಅದು.

ಅತ್ತಿಮಬ್ಬೆಯ ಬಾಳು ಇನ್ನೂ ಹತ್ತಿರದಿಂದ ನೋಡತಕ್ಕದ್ದು. ಗಂಡ ನಾಗದೇವನು ಯುದ್ಧದಲ್ಲಿ ಮಡಿದಾಗ ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಎಳೆಯ ಮಗನನ್ನು ಕಟ್ಟಿಕೊಂಡು ಅತ್ತಿಮಬ್ಬೆ ಬದುಕುಳಿದಳು. ಉಳಿದ ಆಯುಷ್ಯವನ್ನು ಏನು ಮಾಡಬೇಕೆಂಬ ಪ್ರಶ್ನೆ ಅವಳಷ್ಟು ತೀಕ್ಷ್ಣವಾಗಿ ಯಾರ ಎದುರು ನಿಂತೀತು? ಒಡವೆ, ವಿಹಾರ, ಭೋಗ ಆ ಉತ್ತರದಲ್ಲಿ ಇರಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಪೊನ್ನನಿಗೆ ಉಭಯಕವಿಚಕ್ರವರ್ತಿ ಬಿರುದನ್ನು ಕೊಟ್ಟ ಮೂರನೆಯ ಕೃಷ್ಣನ ರಾಜಧಾನಿ ಮಾನ್ಯಖೇಟವು ನಮ್ಮ ನೆರೆಯ ಸೇಡಂ ತಾಲೂಕಿನ ಮಳಖೇಡವೇ. ಕಾಗಿಣಾ ದಡದ ಆ ಊರಿನ ನೇಮಿನಾಥ ಬಸದಿಗೆ ಈ ಮೂರು ತಾಲೂಕಿನವರು ಬೆಳಗ್ಗೆ ಹೋಗಿ ಸಂಜೆ ಮರಳಬಹುದು. ರನ್ನನು 993ರ ಅಜಿತಪುರಾಣದಲ್ಲಿ ಅವಳನ್ನು ಹಾಡಿದುದು ಅವಳು ಪಡೆದುದಕ್ಕಾಗಿಯಲ್ಲ, ಕೊಟ್ಟುದಕ್ಕಾಗಿ.

ಈ ಭೇದವು ಕೊನೆಯ ದಿನಗಳಲ್ಲಿ ಎಷ್ಟು ಭಾರವಾದುದೆಂಬುದು ಸಲ್ಲೇಖನೆಯ ಐದು ಅತಿಚಾರಗಳಿಂದ ಗೊತ್ತಾಗುತ್ತದೆ. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರರ ಮೇಲಣ ಅನುರಾಗ, ಸುಖಾನುಬಂಧ, ನಿದಾನ. ಸುಖಾನುಬಂಧವೆಂದರೆ ಹಿಂದೆ ಅನುಭವಿಸಿದ ಸುಖಗಳನ್ನು ಮರಳಿ ಮರಳಿ ನೆನೆಯುವುದು. ಜೀವಮಾನವಿಡೀ ಅನುಭವಗಳನ್ನು ಕೂಡಿಹಾಕಿದವನ ಹಾಸಿಗೆಯ ಬಳಿಗೆ ಅವು ಒಂದೊಂದಾಗಿ ಬಂದು ನಿಲ್ಲುತ್ತವೆ. ಈಡೇರದ ಸಾಲು ನಿದಾನವಾಗಿ ಕಾಡುತ್ತದೆ, ಈಡೇರಿದ ಸಾಲು ಸುಖಾನುಬಂಧವಾಗಿ. ಚಾರಿತ್ರ ಚಕ್ರವರ್ತಿ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನೆಯಿಂದ ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಅಂಥ ಅಂತ್ಯಕ್ಕೆ ಬೇಕಾದುದು 36 ದಿನಗಳ ಅಭ್ಯಾಸವಲ್ಲ. ಅಷ್ಟಮಿ, ಚತುರ್ದಶಿಗಳಲ್ಲಿ ಒಂದೊಂದನ್ನು ಬಿಡುತ್ತ ಬಂದ ವರ್ಷಗಳ ಅಭ್ಯಾಸ.

ಮಕ್ಕಳು ಪಟ್ಟಿ ಬರೆಯಲಿ, ಹಿರಿಯರೂ ಬರೆಯಲಿ. ಪ್ರತಿ ಸಾಲಿನ ಎದುರಿಗೆ ಅವಧಿಯನ್ನೂ, ಅದು ಆಗುವ ತನಕ ಬಿಡುವ ಒಂದು ವಸ್ತುವನ್ನೂ ಬರೆಯಬೇಕು. ಎಲೆ ಅಡಿಕೆಯಾಗಲಿ, ಸಿಹಿಯಾಗಲಿ, ರಾತ್ರಿಭೋಜನವಿನ್ನೂ ಬಿಡದವರಿಗೆ ಅದೇ ಆಗಲಿ. ಬಿಡಲು ಮನಸ್ಸು ಬಾರದ ಸಾಲನ್ನು ಹೊಡೆದುಹಾಕಿದರೆ ನಷ್ಟವಿಲ್ಲ. ಅದು ಅಷ್ಟೇನೂ ಬೇಕಾಗಿರಲಿಲ್ಲ. ಕುಂಥಲಗಿರಿಯಂತೂ ಆಳಂದ ತಾಲೂಕಿನ ಗಡಿಗೆ ಹೊಂದಿದ ಧಾರಾಶಿವ ಜಿಲ್ಲೆಯಲ್ಲಿದೆ; ಅದಕ್ಕೆ ಮಗಳ ಮದುವೆ ಮುಗಿಯುವ ತನಕ ಕಾಯಬೇಕಾಗಿಲ್ಲ. ಮಂಡಿ ಸೋತು ಮನೆಯಲ್ಲಿ ಉಳಿದವರಿಗೆ ಪ್ರಾಕೃತದ ನಿರ್ವಾಣಕಾಂಡವಿದೆ. ಕೈಲಾಸ, ಚಂಪಾ, ಪಾವಾ, ಊರ್ಜಯಂತ, ಸಮ್ಮೇದ ಶಿಖರ, ಕುಲಭೂಷಣ ದೇಶಭೂಷಣರ ಕುಂಥಲಗಿರಿ, ಹೀಗೆ ಅದೂ ಒಂದು ಸ್ಥಳಗಳ ಪಟ್ಟಿಯೇ. ಚತುರ್ದಶಿಯ ಸಂಜೆ ಮೊಮ್ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಓದಿದರೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.