ಎಳೆಯ ಜೀವಗಳ ಹೆಜ್ಜೆಗೆ ತಕ್ಕಂತೆ

ಆದಿಕಾಂಡದ 33ನೆಯ ಅಧ್ಯಾಯದಲ್ಲಿ ನಾವು ಹೆಚ್ಚಾಗಿ ಗಮನಿಸದ ಒಂದು ಪ್ರಸಂಗವಿದೆ. ದೀರ್ಘಕಾಲ ಅಗಲಿದ್ದ ಏಸಾವನೂ ಯಕೋಬನೂ ಅಪ್ಪಿಕೊಂಡು ಅತ್ತ ಬಳಿಕ, ಅಣ್ಣನು ತಮ್ಮನನ್ನು ಜೊತೆಯಲ್ಲೇ ಹೊರಡಲು ಕರೆಯುತ್ತಾನೆ. ಯಕೋಬನು ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಹಿಂಡಿನಲ್ಲಿ ಹಾಲೂಡುವ ತಾಯಂದಿರಿವೆ, ಒಂದು ದಿನ ಅತಿಯಾಗಿ ಓಡಿಸಿದರೂ ಹಿಂಡು ಉಳಿಯದು ಎಂದು ವಿವರಿಸಿ, ಅವುಗಳ ನಡಿಗೆಗೆ ತಕ್ಕಂತೆ ತಾನು ಹಿಂದಿನಿಂದ ಬರುವುದಾಗಿ ತಿಳಿಸುತ್ತಾನೆ. ಅಣ್ಣನ ಮೇಲಿನ ಅಂಜಿಕೆಯೂ ಆ ಮಾತಿನ ಹಿಂದೆ ಇದ್ದಿರಬಹುದು. ಆದರೂ ಅದು ಹಿಂಡು ಕಾಯ್ದವನ ಅನುಭವದ ಮಾತು. ಎಳೆಯ ಜೀವವನ್ನು ಯಾರ ವೇಗದಲ್ಲಿ ನಡೆಸಬೇಕು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

ಈ ಪ್ರಶ್ನೆಯನ್ನು ಇಂದು ಪಂದ್ಯದ ಕುದುರೆಗಳ ವಿಷಯದಲ್ಲಿ ಕೇಳಬೇಕಾಗಿದೆ. ನಮ್ಮ ನಾಡಿನಲ್ಲಿ ಮೈಸೂರು ಮತ್ತು ಬೆಂಗಳೂರಿನ ಕುದುರೆ ಪಂದ್ಯಗಳಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಪಂದ್ಯದ ಲೆಕ್ಕದಲ್ಲಿ ನಮ್ಮ ದೇಶದ ಎಲ್ಲ ರೇಸ್ ಕುದುರೆಗಳ ಹುಟ್ಟುಹಬ್ಬವೂ ಜನವರಿ 1. ಏಪ್ರಿಲ್‌ನಲ್ಲಿ ಹುಟ್ಟಿದ ಮರಿಗೆ ಒಂಬತ್ತು ತಿಂಗಳು ತುಂಬುವ ಮೊದಲೇ ಒಂದು ವರ್ಷವೆಂದು ಬರೆಯಲಾಗುತ್ತದೆ. ಶಾಲೆಯ ದಾಖಲೆಯಲ್ಲಿ ಜೂನ್ 1ನ್ನೇ ಹುಟ್ಟಿದ ದಿನವಾಗಿ ಹೊತ್ತುಕೊಂಡಿರುವ ನಮ್ಮ ಸೀಮೆಯ ಹಿರಿಯರಿಗೆ ಈ ಲೆಕ್ಕ ಹೊಸದೇನಲ್ಲ. ಆದರೆ ಎಲುಬು ದಾಖಲೆಯನ್ನು ನೋಡಿ ಬೆಳೆಯುವುದಿಲ್ಲ. ಕುದುರೆಯ ಮುಂಗಾಲಿನ ಮಂಡಿಯ ಬಳಿಯ ಎಲುಬು ಬಲಿಯಲು ಸುಮಾರು ಎರಡರಿಂದ ಎರಡೂವರೆ ವರ್ಷ ಬೇಕು. ಬೆನ್ನೆಲುಬು ಪೂರ್ತಿ ಬಲಿಯಲು ಐದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಹೀಗಿದ್ದೂ ಎರಡು ವರ್ಷ ತುಂಬುವ ಮೊದಲೇ ಅನೇಕ ಮರಿಗಳ ಬೆನ್ನಿಗೆ ಜೀನು ಬೀಳುತ್ತದೆ. ಎರಡನೆಯ ವಯಸ್ಸಿಗೆ ಕೆಲವು ಪಂದ್ಯದ ಕಣಕ್ಕೆ ಇಳಿಯುತ್ತವೆ. ನಾಗಾಲೋಟದಲ್ಲಿ ನಾನೂರು ಕಿಲೋಗ್ರಾಂ ಮೀರಿದ ಮೈಭಾರವು ಕ್ಷಣಕಾಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಈ ವಯಸ್ಸಿನ ಕುದುರೆಗಳಲ್ಲಿ ಮುಂಗಾಲಿನ ಎಲುಬಿನ ನೋವು ಪಶುವೈದ್ಯರಿಗೆ ಪರಿಚಿತವಾದದ್ದೇ.

ಇದಕ್ಕೆ ಪ್ರತಿವಾದವೂ ಇದೆ, ಅದನ್ನು ನ್ಯಾಯವಾಗಿ ಕೇಳಬೇಕು. ಓಡುವುದು ಕುದುರೆಯ ಸಹಜ ಗುಣ. ಎಳವೆಯಲ್ಲಿ ಮಿತವಾದ ಓಟವು ಎಲುಬನ್ನು ಗಟ್ಟಿಗೊಳಿಸುತ್ತದೆಂದು ಸಂಶೋಧಕರೂ ಕಂಡಿದ್ದಾರೆ. ಲಾಯಗಳಲ್ಲಿ ಕುದುರೆಯನ್ನು ಮನೆಮಗುವಿನಂತೆ ನೋಡಿಕೊಂಡು ಹೊಟ್ಟೆ ಹೊರೆಯುವ ಬಡ ಕುಟುಂಬಗಳಿವೆ. ಇದೆಲ್ಲ ನಿಜ. ಆದರೆ ಬಯಲಿನಲ್ಲಿ ನೆಗೆಯುವ ಮರಿ ದಣಿದಾಗ ತಾನೇ ನಿಲ್ಲುತ್ತದೆ. ಪಂದ್ಯದ ದಿನಾಂಕ ನಿಲ್ಲುವುದಿಲ್ಲ. ಅದರ ಹಿಂದೆ ಹೂಡಿದ ಹಣವಿದೆ, ಕಟ್ಟಿದ ಬಾಜಿಯಿದೆ. ನೋವನ್ನು ಅಡಗಿಸುವ ಔಷಧಿ ಕೊಟ್ಟು ಓಡಿಸಬಾರದೆಂದು ಪಂದ್ಯದ ನಿಯಮಗಳೇ ವಿಧಿಸಿವೆ. ಅಂತಹ ನಿಯಮ ಬೇಕಾಯಿತೆಂಬುದೇ ಶೋಧನೆ ಎಷ್ಟು ಪ್ರಬಲವೆಂಬುದಕ್ಕೆ ಸಾಕ್ಷಿ. ಕುಂಟುವುದೊಂದೇ ಪ್ರಾಣಿಗಿರುವ ಮಾತು. ಸಂಖ್ಯಾಕಾಂಡದ ಬಿಳಾಮನು ಮುಂದೆ ನಡೆಯಲೊಲ್ಲದ ತನ್ನ ಕತ್ತೆಯನ್ನು ಮೂರು ಸಲ ಹೊಡೆದನು. ದಾರಿಯಲ್ಲಿ ನಿಂತಿದ್ದ ದೇವದೂತನನ್ನು ಕತ್ತೆ ಕಂಡಿತ್ತು, ಪ್ರವಾದಿ ಕಂಡಿರಲಿಲ್ಲ.

ಜೇವರ್ಗಿ ಸೀಮೆಯ ನಮಗೆ ರೇಸ್ ಕೋರ್ಸ್ ದೂರದ ಮಾತು. ಆದರೆ ಇಜೇರಿಯಂತಹ ಊರುಗಳ ಒಕ್ಕಲಿಗನಿಗೆ ಈ ಧರ್ಮಸೂಕ್ಷ್ಮ ಹೊಸದಲ್ಲ. ಹೋರಿಯ ಬಾಯಿ ಬಿಡಿಸಿ, ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ ಎಂದು ನೋಡದೆ ನೊಗ ಹೂಡುವವನನ್ನು ನಮ್ಮ ಹಿರಿಯರು ಒಕ್ಕಲಿಗನೆಂದು ಎಣಿಸುತ್ತಿರಲಿಲ್ಲ. ಎರೆಹೊಲದ ಕೆಲಸ ಎಷ್ಟೇ ಅವಸರದ್ದಾದರೂ ಹಲ್ಲಿನ ಲೆಕ್ಕ ಮೊದಲು, ಹೊಲದ ಲೆಕ್ಕ ಆಮೇಲೆ. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸುವಾಗಲೂ, ಬಂಡಿ ಓಟದ ಸ್ಪರ್ಧೆ ನಡೆಸುವಾಗಲೂ ಈ ಲೆಕ್ಕ ಮರೆಯಬಾರದು. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಇಂತಹ ಓಟಗಳನ್ನು ತಡೆಯಿತು. ಕರ್ನಾಟಕವು 2017ರಲ್ಲಿ ಕಾಯ್ದೆ ತಿದ್ದಿ ಕಂಬಳಕ್ಕೂ ಬಂಡಿ ಓಟಕ್ಕೂ ಅವಕಾಶ ಮಾಡಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಮನಸ್ಸಾಕ್ಷಿಯ ಮಾತು ಅಲ್ಲಿಂದ ಆರಂಭವಾಗುತ್ತದೆ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸಮತೋಲನವುಳ್ಳದ್ದು. ಪ್ರಾಣಿಗಳನ್ನು ದುಡಿಮೆಗೂ ವಿರಾಮದ ವಿನೋದಕ್ಕೂ ಬಳಸಬಹುದೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಒಪ್ಪುತ್ತದೆ. ಆದರೆ ಅವುಗಳಿಗೆ ಅನಗತ್ಯ ನೋವು ಕೊಡುವುದು ಮನುಷ್ಯನ ಘನತೆಗೇ ವಿರುದ್ಧವೆಂದು ಎಚ್ಚರಿಸುತ್ತದೆ. ಇಲ್ಲಿ ‘ಮನುಷ್ಯನ ಘನತೆ’ ಎಂದಿರುವುದನ್ನು ಗಮನಿಸಬೇಕು. ಮೂಕ ಪ್ರಾಣಿಯ ನೋವನ್ನು ಕಂಡೂ ಕಾಣದಂತಿರಲು ಕಲಿತ ಕಣ್ಣು ಮುಂದೆ ಮನುಷ್ಯನ ನೋವನ್ನೂ ಕಾಣುವುದಿಲ್ಲ. ಜಗದ್ಗುರು ಫ್ರಾನ್ಸಿಸ್‌ರು 2015ರ ತಮ್ಮ ವಿಶ್ವಪತ್ರದಲ್ಲಿ ಈ ಸಂಬಂಧವನ್ನು ವಿವರಿಸಿದ್ದಾರೆ. ವಿಮೋಚನಾಕಾಂಡವು ವಿಶ್ರಾಂತಿಯ ದಿನವನ್ನು ಎತ್ತಿಗೂ ಕತ್ತೆಗೂ ಕೊಟ್ಟಿದೆ. ಹಗೆಯ ಕತ್ತೆ ಹೊರೆಯಡಿ ಕುಸಿದಿದ್ದರೂ ನೆರವಾಗಬೇಕೆಂದಿದೆ.

ಯಕೋಬನು ಮಕ್ಕಳನ್ನೂ ಹಿಂಡನ್ನೂ ಒಂದೇ ಉಸಿರಿನಲ್ಲಿ ನೆನೆದನು. ನಾವೂ ನೆನೆಯಬೇಕು. ಪ್ರಾಥಮಿಕ ಶಾಲೆಯಲ್ಲೇ ಪ್ರವೇಶ ಪರೀಕ್ಷೆಯ ತರಬೇತಿ, ಆಟದ ಹೊತ್ತಿನಲ್ಲಿ ಟ್ಯೂಷನ್, ಊಟದ ಹೊತ್ತಿನಲ್ಲಿ ನೆರೆಮನೆಯ ಮಗುವಿನ ಅಂಕಗಳ ಮಾತು. ಮಗು ಹೊಟ್ಟೆನೋವು ಎಂದರೆ ನೆಪವೆಂದು ಗದರುತ್ತೇವೆ. ಮಕ್ಕಳಿಗೆ ಶ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ಮಿತವಾದ ಶ್ರಮದಿಂದಲೇ ಎಲುಬೂ ಬುದ್ಧಿಯೂ ಬಲಿಯುತ್ತವೆ. ಈ ಓಟ ಯಾರಿಗಾಗಿ, ದಣಿದೆನೆಂದು ಹೇಳುವ ಸ್ವಾತಂತ್ರ್ಯ ಓಡುವವರಿಗಿದೆಯೇ, ಸೋತು ಬಂದರೆ ಮನೆಯಲ್ಲಿ ಅವರಿಗೆ ಹಿಂದಿನ ಸ್ಥಾನವೇ ಇರುವುದೇ ಎಂದು ಪ್ರತಿಯೊಬ್ಬ ತಂದೆತಾಯಿ ಕೇಳಿಕೊಳ್ಳಲಿ. ಕುದುರೆಯ ಒಡೆಯನೂ ಇದನ್ನೇ ಕೇಳಿಕೊಳ್ಳಲಿ. ಇಪ್ಪತ್ತೈದು ವರ್ಷ ಬದುಕಬಲ್ಲ ಪ್ರಾಣಿಯ ಪಂದ್ಯದ ಕಾಲ ಕೆಲವೇ ವರ್ಷಗಳದ್ದು. ಉಳಿದ ಆಯುಷ್ಯಕ್ಕೂ ಅವನೇ ಹೊಣೆ.

ಏಸಾವನು ನಾನೂರು ಮಂದಿಯೊಡನೆ ಅಂದೇ ಹೊರಟುಹೋದನು. ಯಕೋಬನು ಸುಕ್ಕೋತಿನಲ್ಲಿ ತಂಗಿ, ತನಗೊಂದು ಮನೆಯನ್ನೂ ದನಗಳಿಗೆ ಕೊಟ್ಟಿಗೆಗಳನ್ನೂ ಕಟ್ಟಿದನು. ತಡವಾಗಿಯಾದರೂ ಅವನು ತನ್ನವರೊಡನೆ ಸುರಕ್ಷಿತವಾಗಿ ಕಾನಾನ್ ನಾಡನ್ನು ಸೇರಿದನೆಂದು ಪವಿತ್ರ ಗ್ರಂಥ ಹೇಳುತ್ತದೆ. ನಮ್ಮ ಮನೆಯ ಎಳೆಯರನ್ನೂ ಕೊಟ್ಟಿಗೆಯ ಎಳೆಯ ಕರುಗಳನ್ನೂ ಅವುಗಳ ಹೆಜ್ಜೆಗೆ ತಕ್ಕಂತೆ ನಡೆಸುವ ತಾಳ್ಮೆಯನ್ನು ಸರ್ವೇಶ್ವರ ನಮಗೆ ಅನುಗ್ರಹಿಸಲಿ.